ಏಳಲ್ಲ, ಒಂದೇ ತೂತು

ಇಂಗ್ಲೆಂಡಿನ ಡರ್ಬಿಯ ಹೊಸ ಮನೆಯಲ್ಲಿ ಹಾಲುಕ್ಕಿಸಿದ ದಿನವೇ ಜಲಜಾ ಗಂಡನಿಂದ ಭಾಷೆ ತೆಗೆದುಕೊಂಡಿದ್ದಳು. ಗೋಡೆಗೆ ಡ್ರಿಲ್ ಮುಟ್ಟಿಸುವ ಹಾಗಿಲ್ಲ, ಒಂದು ಮೊಳೆ ಕೂಡ ಹೊಡೆಯುವ ಹಾಗಿಲ್ಲ. ಅದಕ್ಕೆ ಕಾರಣವಿತ್ತು. ಸಟನ್ ಕೋಲ್ಡ್‌ಫೀಲ್ಡಿನ ಬಾಡಿಗೆ ಮನೆಯಲ್ಲಿ ರಾಮಮೂರ್ತಿ ಯಾವುದೋ ವೈರು ದಾಟಿಸುತ್ತೇನೆಂದು ಹೊರಟು ಗೋಡೆಯ ಜೊತೆ ನೀರಿನ ಪೈಪನ್ನೂ ಕೊರೆದುಬಿಟ್ಟಿದ್ದ. ಇಪ್ಪತ್ತು ಕಿಲೋ ಸೋನಾ ಮಸೂರಿ ಮೂಟೆಯಲ್ಲೇ ನೆನೆದುಹೋಗಿತ್ತು. ಹಾಗಾಗಿ ಈ ಮನೆಯಲ್ಲಿ ಕ್ಯಾಲೆಂಡರನ್ನೂ ಅಂಟಿನಲ್ಲೇ ಮೆತ್ತಿದ್ದರು. ಅದು ವಾರಕ್ಕೊಮ್ಮೆ ಜಾರಿ ಬೀಳುತ್ತಿತ್ತು, ಇವಳು ಮತ್ತೆ ಮೆತ್ತುತ್ತಿದ್ದಳು. ಗೋಡೆ ನುಣ್ಣಗಿದೆಯಲ್ಲ, ಅಷ್ಟು ಸಾಕು.

ರಾಮಮೂರ್ತಿ ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸದವನು. ಮನೆಗೆ ಬಂದ ಮೇಲೂ ಅದೇ ಹುಚ್ಚು. ೨೦೧೮ರ ಚಳಿಗಾಲ ಶುರುವಾಗುವ ಹೊತ್ತಿಗೆ, ಯಾರೋ ಬಿಸಾಡಿದ್ದ ಹಳೇ ಕಂಪ್ಯೂಟರ್ ತಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅಕ್ಕಿ ಮೂಟೆಯ ಪಕ್ಕ ಕೂರಿಸಿದ. ಅದರೊಳಗೊಂದು ಹರಟೆಕಟ್ಟೆ ಇದೆ ಎಂದ. ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್ ಕಡೆಯ ನಲವತ್ತು ಜನ ಕನ್ನಡದವರು ಅಲ್ಲಿ ಸೇರುತ್ತಾರಂತೆ. ಬೇರೆ ಬೇರೆಯವರ ಮನೆಗಳಲ್ಲೂ ಇಂಥ ಕಟ್ಟೆಗಳಿವೆಯಂತೆ, ಈ ಕಟ್ಟೆಯವರು ಆ ಕಟ್ಟೆಯವರನ್ನು ಕೂಗಿ ಮಾತಾಡಿಸಬಹುದಂತೆ, ಎಲ್ಲದರ ಮೇಲೆ ಒಡೆಯ ಅಂತ ಯಾವ ಕಂಪನಿಯೂ ಇಲ್ಲವಂತೆ. ಜಲಜಾ ಎಲ್ಲ ಕೇಳಿಸಿಕೊಂಡಳು. ಪೆಟ್ಟಿಗೆಯ ತಲೆ ಚಪ್ಪಟೆಯಾಗಿತ್ತು. ದೋಸೆಹಿಟ್ಟಿನ ಪಾತ್ರೆಯನ್ನು ಅದರ ಮೇಲಿಟ್ಟಳು. ಆ ಗೂಡಿನಲ್ಲಿ ಬೇರೆ ಜಾಗ ಎಲ್ಲಿತ್ತು?

ಆ ಚಳಿಗಾಲ ಅವಳ ದೋಸೆ ಹೆಸರು ಮಾಡಿತು. ಪರಿಚಯದವರ ಮನೆಗಳಲ್ಲೆಲ್ಲ ಹಿಟ್ಟು ಚಳಿಗೆ ಮರಗಟ್ಟಿ ಕೂತರೆ, ಇವಳದು ಉಕ್ಕಿ ಮುಚ್ಚಳ ಎತ್ತುತ್ತಿತ್ತು. ಗುಟ್ಟೇನೆಂದು ಕೇಳಿದವರಿಗೆ ಕೈಗುಣ ಎನ್ನುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಮ್ಯಾಕಲ್ಸ್‌ಫೀಲ್ಡಿನಿಂದ ಸಂಯುಕ್ತಾ ಫೋನ್ ಮಾಡಿದಳು. ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿ, ಕಟ್ಟೆಯ ನಲವತ್ತರಲ್ಲಿ ಒಬ್ಬಳು. ಅದೂ ಇದೂ ಮಾತಾಡಿ ನಗುತ್ತಾ ಹೇಳಿದಳು:

“ಜಲಜಕ್ಕಾ, ನಿಮ್ ಯಜಮಾನ್ರನ್ನ ಸ್ವಲ್ಪ ಹಿಡ್ಕೊಳ್ಳಿ. ಬೆಳಿಗ್ಗೆಯಿಂದ ಏಳು ತೂತು ಹಾಕಿದಾರೆ.”

ಜಲಜಾಳ ಕಣ್ಣು ಗೋಡೆಗಳತ್ತ ಹೋಯಿತು. ತನ್ನ ಮನೆ ಗೋಡೆಯ ಸುದ್ದಿ ತನಗಿಂತ ಮೊದಲು ಮ್ಯಾಕಲ್ಸ್‌ಫೀಲ್ಡಿಗೆ ತಲುಪಿತೆಂದು ಒಪ್ಪಿಕೊಳ್ಳುವುದುಂಟೇ? ಹೌದಮ್ಮ, ನಾನೂ ಹೇಳಿ ಹೇಳಿ ಸಾಕಾದೆ ಎಂದು ಫೋನಿಟ್ಟಳು. ಇಟ್ಟವಳೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಳು, ಒಂದೇ ಒಂದು ತೂತು ಸಿಕ್ಕಿದರೂ ಆ ಪೆಟ್ಟಿಗೆ ಈ ಮನೆಯಲ್ಲಿರಕೂಡದು.

ಟಾರ್ಚು ಹಿಡಿದು ಬಚ್ಚಲಿನಿಂದ ಶುರು ಮಾಡಿದಳು. ಬೀರು ಸರಿಸಿದಳು, ಪರದೆ ಎತ್ತಿದಳು, ಗೋಡೆಗೆ ಕಿವಿಯಿಟ್ಟು ತಟ್ಟಿದಳು. ಏನೂ ಸಿಗಲಿಲ್ಲ. ಮುಂದಿನ ರೂಮಿನ ಸೋಫಾ ಮಾತ್ರ ಒಬ್ಬಳ ಕೈಯಲ್ಲಿ ಕದಲಲಿಲ್ಲ. ಅಷ್ಟರಲ್ಲಿ ರಾಮಮೂರ್ತಿ ಕೊತ್ತಂಬರಿ ಸೊಪ್ಪು ಹಿಡಿದು ಬಾಗಿಲು ತೆಗೆದ.

“ಏಳು ತೂತು ಹಾಕಿದೀರಂತೆ,” ಎಂದಳು, ಟಾರ್ಚನ್ನು ಅವನ ಮುಖಕ್ಕೇ ಬಿಟ್ಟು.

ಅವನ ಬಣ್ಣ ಇಳಿದುಹೋಯಿತು. “ಏಳಲ್ಲ ಕಣೇ. ಒಂದೇ. ಅದೂ ಸಣ್ಣದು. ಪೆಟ್ಟಿಗೆ ವೈರಿಗೆ, ಸೋಫಾ ಹಿಂದೆ.”

ಆಮೇಲೆ ಯಾರು ಹೇಳಿದರೆಂದು ಕೇಳಿ, ಸಂಯುಕ್ತಾ ಎಂದದ್ದೇ ತಡ, ಮೆಟ್ಟಿಲ ಮೇಲೆ ತಲೆ ಹಿಡಿದು ಕೂತುಬಿಟ್ಟ. ಕಟ್ಟೆಯಲ್ಲಿ ಬರೆದು ಹಾಕುವ ಒಂದೊಂದು ಮಾತಿಗೂ ಇಂಗ್ಲಿಷಿನಲ್ಲಿ ಟೂಟ್ ಅನ್ನುತ್ತಾರಂತೆ, ತುತ್ತೂರಿಯ ಸದ್ದು. ಲೀಡ್ಸಿನಲ್ಲಿ ಓದುತ್ತಿರುವ ಧಾರವಾಡದ ಶರಣಪ್ಪ ತಮಾಷೆಗೆ ಅದನ್ನು ತೂತು ಮಾಡಿದ. ಅಂದಿನಿಂದ ನಲವತ್ತು ಜನರೂ ತೂತು ಹಾಕುವವರೇ. ಇವನು ಅಂದು ಹಾಕಿದ ಏಳರಲ್ಲಿ ಮೂರು, ಕಂದು ಕಸದ ಡಬ್ಬಿಯನ್ನು ಯಾವ ವಾರ ಹೊರಗಿಡಬೇಕು ಅನ್ನೋದರ ಬಗ್ಗೆ.

“ಹಂಗಾದ್ರೆ ಅವಳು ಹೇಳಿದ ಏಳೂ ಮಾತಿನವು,” ಎಂದಳು ಜಲಜಾ. “ನೀವು ಹೇಳಿದ್ದೊಂದೇ ಗೋಡೇದು.”

ಪೆಟ್ಟಿಗೆ ಹೊರಗೆ ಹೋಗಲಿ ಎಂದಾಗ ರಾಮಮೂರ್ತಿ ವಾದಿಸಲಿಲ್ಲ. ಹತ್ತು ನಿಮಿಷ ಸಮಯ ಕೇಳಿಕೊಂಡು, ಒಂದು ತೂತಿನ ದೆಸೆಯಿಂದ ಎಲ್ಲ ತೂತೂ ಬಂದ್ ಎಂದು ಕಟ್ಟೆಯವರಿಗೆ ಬರೆದು, ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಹಿತ್ತಲ ಶೆಡ್ಡಿಗೆ ಹೊತ್ತುಕೊಂಡು ಹೋದ.

ಆ ವಾರವೆಲ್ಲ ರಾಮಮೂರ್ತಿ ಹಾಕಿದ್ದು ತಿಂದ, ಕೇಳಿದ್ದಕ್ಕೆ ಹೂಂ ಅಂದ. ಜಾರಿಬಿದ್ದ ಕ್ಯಾಲೆಂಡರನ್ನು ತಾನೇ ನೀಟಾಗಿ ಮೆತ್ತಿದ. ಅದೊಂದು ಜಲಜಾಳಿಗೆ ಚುರುಕ್ಕೆಂದಿತು. ಸಂಯುಕ್ತಾ ಎರಡು ಸಲ ಫೋನ್ ಮಾಡಿ, ತಪ್ಪು ನನ್ನದು, ಹಗಲೆಲ್ಲ ಮಾತಿಲ್ಲದೆ ಬಾಯಿ ಒಣಗಿದೆ ಎಂದಳು. ಜಲಜಾ ಬಗ್ಗಲಿಲ್ಲ. ಭಾಷೆ ಅಂದರೆ ಭಾಷೆ.

ಶನಿವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟ ಹಾಗೇ ಇತ್ತು. ಹುಯ್ದ ದೋಸೆ ರಟ್ಟಿನ ಹಾಗೆ ಬಿಗಿದುಕೊಂಡಿತು. ಮೇಲೆ ಹುಡುಕಿದರೂ ಒಂದು ತೂತಿಲ್ಲ. ರಾಮಮೂರ್ತಿ ಚಟ್ನಿ ಹೆಚ್ಚು ಹಾಕಿಸಿಕೊಂಡು ತೆಪ್ಪಗೆ ತಿಂದ. ಉದ್ದಿನಬೇಳೆ ಹಳೆಯದಿರಬೇಕೆಂದು ಹೊಸ ಪ್ಯಾಕೆಟ್ ಒಡೆದು ಮತ್ತೆ ರುಬ್ಬಿಟ್ಟಳು. ಭಾನುವಾರವೂ ಅದೇ ಕಥೆ.

ಗೂಡಿನೊಳಗೆ ಬಗ್ಗಿ, ಪೆಟ್ಟಿಗೆ ಇದ್ದ ಜಾಗಕ್ಕೆ ಕೈಯಿಟ್ಟಳು. ಐಸಿನಂತೆ ಕೊರೆಯಿತು. ಮೂರು ತಿಂಗಳು ಪಾತ್ರೆಯ ತಳ ಯಾಕೆ ಅಷ್ಟು ಬೆಚ್ಚಗಿರುತ್ತಿತ್ತೆಂದು ಆಗ ಹೊಳೆಯಿತು. ಕೈಗುಣವೆಲ್ಲ ಆ ಪೆಟ್ಟಿಗೆಯದು ಎಂದು ಒಪ್ಪಿಕೊಳ್ಳಲು ಅವಳಿಗೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕಾಯಿತು.

“ರೀ, ಶೆಡ್ಡಿನಿಂದ ಅದನ್ನ ತನ್ನಿ.”

“ಮತ್ತೆ ತೂತು?”

“ಆಗಿರೋದು ಒಂದು ಆಗೋಯ್ತು. ಎರಡನೇದು ಕಂಡ್ರೆ ಪೆಟ್ಟಿಗೆ ಜೊತೆ ನೀವೂ ಶೆಡ್ಡಿಗೆ.”

ಚಪ್ಪಲಿಯನ್ನೂ ಮೆಟ್ಟದೆ ಓಡಿದ. ವೈರು ಸಿಕ್ಕಿಸುತ್ತಾ ಇದ್ದಕ್ಕಿದ್ದಂತೆ ಮಾತು ಬಂದವನ ಹಾಗೆ, ಜನ ಜಾಸ್ತಿ ಮಾತಾಡಿದಷ್ಟೂ ಇದಕ್ಕೆ ಕೆಲಸ ಜಾಸ್ತಿ, ಕೆಲಸ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ ಎಂದೆಲ್ಲ ವಿವರಿಸಿದ. ಜಲಜಾ ಅದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡಳು.

ಸಂಜೆ ಹಿಟ್ಟು ರುಬ್ಬಿ ಪಾತ್ರೆಯನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು, ಗಂಡನಿಂದ ಕಟ್ಟೆಯಲ್ಲಿ ತನಗೂ ಒಂದು ಹೆಸರು ಮಾಡಿಸಿಕೊಂಡಳು. ಒಂದೇ ಬೆರಳಲ್ಲಿ ಒತ್ತಿ ಒತ್ತಿ ಮೊದಲನೇ ತೂತು ಹಾಕಿದಳು: “ಹಿಟ್ಟು ರುಬ್ಬಿಟ್ಟಿದೀನಿ. ಬೆಳಿಗ್ಗೆ ದೋಸೇಲಿ ತೂತು ಬೀಳ್ಬೇಕು. ಎಲ್ಲರೂ ಸ್ವಲ್ಪ ಮಾತಾಡ್ರಪ್ಪ.”

ಲೀಡ್ಸಿನಿಂದ ಶರಣಪ್ಪನ ಉತ್ತರ ಮೊದಲು ಬಂತು: “ಎಷ್ಟು ತೂತು ಬೇಕ್ರಿ ಅಕ್ಕಾರ?”