ಬಯಕೆಯ ಮಣ್ಣು

ಸೇಂಟ್ ಕಿಟ್ಸ್ ದ್ವೀಪದ ಆ ಕಬ್ಬಿನ ತೋಟದಲ್ಲಿ ಗುಲಾಮರು ಕಾಯಿಲೆ ಬಿದ್ದರೆ ಅವರನ್ನು ಒಂದು ಕೊಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಧಣಿಗಳು ಅದನ್ನು ಆಸ್ಪತ್ರೆ ಎನ್ನುತ್ತಿದ್ದರು, ಹೊರಗಿನಿಂದ ಬೀಗ ಹಾಕುತ್ತಿದ್ದರು. ಅಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವಳು ಫಿಬಾ. ಅವಳೂ ಕೊಂಡು ತಂದವಳೇ.

ಯಾರು ಮಲಗಬೇಕು, ಯಾರು ಕಬ್ಬು ಕಡಿಯಲು ಹೋಗಬೇಕು ಎಂದು ಹೇಳುವವರು ಡಾಕ್ಟರ್ ಮಕ್ರೇ. ಹುಟ್ಟಾ ಕವಿ, ಹೊಟ್ಟೆಪಾಡಿಗೆ ವೈದ್ಯ ಎಂದು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ಕಬ್ಬಿನ ಮೇಲೊಂದು ಮಹಾಕಾವ್ಯ ನಡೆದಿತ್ತು. ರೋಗಿಯ ನಾಡಿ ಹಿಡಿದರೆ ಅದರ ಬಡಿತಕ್ಕೇ ಸಾಲು ಗುನುಗುವರು. ಸಾಲು ಕೂಡಿಬಂದರೆ ರೋಗಿಗೆ ರಜೆ, ಕೂಡದಿದ್ದರೆ ನಡಿ ಗದ್ದೆಗೆ. ಜ್ವರ ಬಂದರಷ್ಟೇ ಸಾಲದು, ಕವಿತೆಯೂ ಬರಬೇಕಿತ್ತು.

ಇದು ಫಿಬಾಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಹೊಟ್ಟೆಹುಳಕ್ಕೆ ಕೊಡುವ ಸೊಪ್ಪಿನ ಹೆಸರು ಹೇಳಿಕೊಟ್ಟಿದ್ದಳು. ಅದು ಕಾವ್ಯಕ್ಕೆ ಸೇರಿತು, ಅಂದು ಮಲಗಿದ್ದವರಿಗೆಲ್ಲ ರಜೆ ಸಿಕ್ಕಿತು. ಈಗ ಅವಳಿಗೆ ಬೇಕಿದ್ದದ್ದು ಮಗಳು ಕ್ವಾಶೆಬಾಳಿಗೆ ರಜೆ. ತುಂಬಿದ ಬಸುರಿ, ಗಾಣಕ್ಕೆ ಕಬ್ಬಿನ ಹೊರೆ ಹೊರುತ್ತಿದ್ದಳು. ಹಿಂದಿನ ಬಸಿರು ಹೊರೆಯ ಕೆಳಗೇ ಇಳಿದುಹೋಗಿತ್ತು.

"ಫಿಬಾ, ನಿಮ್ಮ ಜನ ಮಣ್ಣು ತಿಂತಾರಲ್ಲ, ಯಾಕೆ?" ಎಂದರು ಡಾಕ್ಟರು ಅಂದು. "ನನ್ನ ಕಾವ್ಯ ಅಲ್ಲೇ ಮುಗ್ಗರಿಸಿ ಕೂತಿದೆ ನೋಡು."

"ಎಲ್ರೂ ತಿನ್ನಲ್ಲ ಡಾಕ್ಟ್ರೇ. ಬಸುರೀರು ತಿಂತಾರೆ. ಬಯಕೆ ಅದು. ನಮ್ ಕಡೆ ಬಿಳೀ ಮಣ್ಣನ್ನ ಉಂಡೆ ಕಟ್ಟಿ ಸಂತೇಲಿ ಮಾರೋರು. ನಮ್ಮವ್ವ ತಿಂದಿದ್ಲು, ನಾನೂ ತಿಂದಿದೀನಿ."

"ತಿಂದವರು ಸಾಯಲ್ವೇನೆ?"

"ತಿಂದೋರ ಹೊಟ್ಟೇಲೇ ಹುಟ್ಟಿದೋರು ನಾವೆಲ್ಲ!"

ಡಾಕ್ಟರು ನಕ್ಕರು. ಪಕ್ಕದ ಮುದುಕನ ಮಣಿಕಟ್ಟು ಹಿಡಿದು ಗುನುಗಿದರು, ಬರೆದುಕೊಂಡರು. ಸಾಲು ಕೂಡಿಬಂದಿತ್ತು. ಇದೇ ಸಮಯ ಎಂದುಕೊಂಡಳು ಫಿಬಾ.

"ನನ್ ಮಗಳೂ ತಿಂತಾಳೆ ಡಾಕ್ಟ್ರೇ, ನಾನೇ ಹಳ್ಳದ ದಂಡೆಯಿಂದ ತಂದ್ಕೊಡ್ತೀನಿ. ದಿನ ತುಂಬಿದೆ. ಹೆರಿಗೆ ಆಗೋವರ್ಗೂ ಇಲ್ಲೇ ಮಲಗಿಸ್ಕೊಳ್ಳಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತೋಟದ ಮೇಸ್ತ್ರಿಯ ಕೈಲಿ ಮಗಳನ್ನು ಕರೆಸಿದರು. ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು, ನಾಲಿಗೆ ನೋಡಿದರು. ಅವರ ಕಣ್ಣು ತುಂಬಿಬಂತು, ಅದು ನಟನೆಯಲ್ಲ. "ಪಾಪ! ಇವಳಿಗಿನ್ನು ಹೊರೆ ಬೇಡ. ಇಲ್ಲೇ ಇರಲಿ" ಎಂದರು. ಫಿಬಾಗೆ ಹೋದ ಜೀವ ಬಂದಂತಾಯಿತು. ಆಗ ಅವರು ಮೇಸ್ತ್ರಿಯ ಕಡೆ ತಿರುಗಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಕಬ್ಬಿಣದ ಕುಕ್ಕೆಯನ್ನು ತೋರಿಸಿದರು. ಕರು ಮಣ್ಣು ತಿನ್ನದಂತೆ ಬಾಯಿಗೆ ಕಟ್ಟುತ್ತಾರಲ್ಲ, ಅಂಥದ್ದು. ಇದು ಮನುಷ್ಯರ ಅಳತೆಯದು.

"ಶಿಕ್ಷೆ ಅಂದ್ಕೋಬೇಡ ಫಿಬಾ, ಮಣ್ಣು ತಿನ್ನೋ ರೋಗಕ್ಕೆ ಔಷಧ ಇದು. ಹೆರಿಗೆವರೆಗೂ ಇರಲಿ. ಗಂಜಿ ಕುಡಿಸುವಾಗ ಮಾತ್ರ ಬಿಚ್ಚು. ತಾಯಿ ಕೈಲೇ ಇದ್ರೆ ಮೇಲು" ಎಂದು ಕುಕ್ಕೆಯ ಬೀಗದ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟರು.

"ಅವ್ವಾ, ಅವ್ರಿಗೆ ಹೇಳಿದ್ಯಾರು?" ಎಂದಳು ಕ್ವಾಶೆಬಾ.

"ನಾನೇ ಕಣವ್ವಾ."

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಸ್ತ್ರಿ ಕಬ್ಬಿಣವನ್ನು ಒತ್ತಿ ಹಿಡಿದ. ಫಿಬಾ ಬೀಗ ಹಾಕಿದಳು. ಡಾಕ್ಟರು ಹೊಸ ಸಾಲು ಗುನುಗುತ್ತ ಕುದುರೆ ಏರಿದರು. ಫಿಬಾಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮುದುಕನ ಹುಣ್ಣು ತೊಳೆದಳು, ನೆಲ ಗುಡಿಸಿದಳು.

ಸಂಜೆ ಬೀಗ ತೆಗೆದು ಮಗಳಿಗೆ ಜೋಳದ ಗಂಜಿ ಕುಡಿಸಿದಳು. ಬೆಳಗ್ಗೆ ಹೇಳಹೊರಟಿದ್ದ ಮಾತು ಈಗಲಾದರೂ ಬಂದೀತೆಂದು ಕೂತಳು, ಬೈಗುಳವಾದರೂ ಸರಿ. ಕ್ವಾಶೆಬಾ ಗಂಜಿ ಮುಗಿಸಿ ಬಾಯಿ ಒರೆಸಿಕೊಂಡಳು. ಆಮೇಲೆ ಬೀಗ ಹಾಕಲೆಂದು ಮುಖವನ್ನು ತಾಯಿಯ ಕಡೆ ಚಾಚಿದಳು.