ಇನ್ನೊಂದು ಗೆರೆ

"ಇನ್ನೊಂದು ಗೆರೆ ಎಲ್ಲೋಯ್ತಲಾ?" ಎಂದು ಪ್ರೇಮಕುಮಾರಿ ಅಶೋಕನನ್ನು ಕೇಳಿದಳು. ಮ್ಯಾನೇಜರ್ ಕಾಂತರಾಜು ಎದುರಿಗೇ ಕೂತಿದ್ದಾರೆಂಬುದೂ ಆ ಗಳಿಗೆಯಲ್ಲಿ ಅವಳಿಗೆ ಮರೆತುಹೋಗಿತ್ತು.

ಅವರ ಕೋಣೆಯ ಗೋಡೆಯ ಟೀವಿಯಲ್ಲಿ ಒಂದೇ ಕೆಂಪು ಗೆರೆ ಏರಿ ಇಳಿಯುತ್ತಿತ್ತು. ಅದರ ಹೆಸರು 'ಕೌಂಟರ್ ಖಾಲಿ'. ಹಾಸನದ ಆ ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಕೊಡುವ ಕೌಂಟರಿನಲ್ಲಿ ಕೂರುವವಳು ಪ್ರೇಮಕುಮಾರಿ ಒಬ್ಬಳೇ. ಹಾಗಾಗಿ ಆ ಗೆರೆ ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಯಾವ ಗೆರೆಯಮ್ಮ?" ಎಂದರು ಕಾಂತರಾಜು.

"ಸರ್ವರ್ ನಿಂತೋಯ್ತದಲ್ಲ ಸಾ, ಅದ್ರುದು. ಅದ್ನೂ ಇವ್ನೇ ಆಕಿದ್ದ."

ಅಶೋಕ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಅದು ಸರಿಯಾಗಿ ಬತ್ತಿರ್ಲಿಲ್ಲ ಅಕ್ಕ. ತೆಗ್ದಾಕ್ದೆ."

ಅಕ್ಕ ಎನ್ನುವುದನ್ನು ಮಾತ್ರ ಪುಣ್ಯಾತ್ಮ ಇನ್ನೂ ತೆಗೆದುಹಾಕಿರಲಿಲ್ಲ. ಅರಕಲಗೂಡಿನಲ್ಲಿ ಇಬ್ಬರದೂ ಒಂದೇ ಬೀದಿ. "ನಮ್ಮೋನು ಸಾ, ಕೆಲ್ಸ ಬಲ್ಲ" ಎಂದು ಇದೇ ಕೋಣೆಯಲ್ಲಿ ನಿಂತು ಅವನಿಗೆ ಸರ್ವರ್ ನೋಡಿಕೊಳ್ಳುವ ಕೆಲಸ ಕೊಡಿಸಿದ್ದವಳು ಅವಳು. ಬೆಳಿಗ್ಗೆ ಬಸ್ಸಿನಲ್ಲಿ ಅವನಿಗೂ ಸೀಟು ಹಿಡಿದಿರುತ್ತಿದ್ದಳು. ಒಂದು ದಿನ ಗೊರೂರು ದಾಟುವಾಗ ತನ್ನ ಗೋಳು ಹೇಳಿಕೊಂಡಳು. ಸರ್ವರ್ ನಿಂತಾಗಲೆಲ್ಲ ಚೀಟಿ ಬರುವುದಿಲ್ಲ, ಸಾಲು ಬಾಗಿಲಾಚೆ ಬೆಳೆಯುತ್ತದೆ, ಬೈಗುಳ ಮಾತ್ರ ಅವಳ ಪಾಲಿಗೆ.

"ಅದ್ಕೇನಂತೆ ಅಕ್ಕ, ಅಳ್ದು ತೋರ್ಸಾನ" ಎಂದಿದ್ದ ಅಶೋಕ. ಸರ್ವರಿನ ಬಿಸಿ, ಹೊರೆ ಎಲ್ಲ ಟೀವಿಯಲ್ಲಿ ಗೆರೆ ತೋರಿಸುವ ಬೋರ್ಡಿಗೆ ತಾವಾಗಿಯೇ ಬರುತ್ತವೆ. ನಮಗೆ ಬೇಕಾದ ಅಳತೆ ಅಲ್ಲಿ ಕಾಣಬೇಕೆಂದರೆ ಸಣ್ಣ ಪ್ರೋಗ್ರಾಂ ಬರೆದು ನಾವೇ ಉಣಿಸಬೇಕು. ಹಾಗೆ ಮಾಡಿದರೆ ತಪ್ಪು ಯಾರದೆಂದು ಗೆರೆಯೇ ಹೇಳುತ್ತದೆ. "ಆದ್ರೆ ನೀನು ಸೀಟಿಂದ ಎದ್ದೋಗದ್ನೂ ಹೇಳ್ಬುಡು. ಇಲ್ದಿದ್ರೆ ಎಲ್ಡೂ ಕಲಸ್ಕತವೆ."

ಅವಳು ಹೇಳಿಬಿಟ್ಟಳು. ಓದು ಬಾರದ ಮುದುಕರು ಬಂದರೆ ಕೈಹಿಡಿದು ಎಕ್ಸ್‌ರೇ ಬಾಗಿಲವರೆಗೂ ಬಿಟ್ಟುಬರುತ್ತೇನೆ, ಏಳುವಾಗ ಸ್ಕ್ರೀನ್ ಲಾಕ್ ಮಾಡಿರುತ್ತೇನೆ ಎಂದಳು. ಆ ಲಾಕನ್ನೇ ಹಿಡಿದು ಅಶೋಕ ಅವಳು ಇಲ್ಲದ ಹೊತ್ತನ್ನು ಅಳೆದ. ಎರಡು ಗೆರೆಗಳನ್ನೂ ಅವಳಿಗೆ ತೋರಿಸಿದ್ದ. ಸರ್ವರಿನ ನೀಲಿ ಗೆರೆ ಬೆಟ್ಟದಷ್ಟಿತ್ತು, ಅವಳ ಕೆಂಪು ಗೆರೆ ಅದರ ಬುಡದಲ್ಲಿ ಎಲ್ಲೋ ಇತ್ತು. ಅವಳಿಗೆ ಖುಷಿಯಾಗಿತ್ತು.

ನೀಲಿ ಗೆರೆಗೆ ಉತ್ತರ ಹೇಳಬೇಕಾದವನು ಸರ್ವರ್ ನೋಡಿಕೊಳ್ಳುವವನೇ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು. ಈಗ ನೀಲಿ ಹೋದ ಮೇಲೆ ಬೋರ್ಡು ಉಳಿದದ್ದನ್ನೇ ಹಿಗ್ಗಿಸಿ ಟೀವಿ ತುಂಬ ತೋರಿಸುತ್ತಿತ್ತು.

"ನೀವೇ ಸೇರಿಸಿದವನು ಹಾಕಿರೋ ಅಳತೆ, ನಾನೇನು ಹೇಳ್ಲಿ?" ಎಂದರು ಕಾಂತರಾಜು. "ಇನ್ಮೇಲೆ ಈ ಗೆರೆ ಏಳಬಾರ್ದು. ಎದ್ದರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಹೊರಗೆ ಬಂದ ಮೇಲೆ ಅವಳು ಅಶೋಕನನ್ನು ತಡೆದು ನಿಲ್ಲಿಸಿದಳು. "ಯಾಕ್ಲಾ?"

"ನಂಗೂ ಕೆಲ್ಸ ಬೇಕಲ್ಲಕ್ಕ. ನೀನು ಎದ್ದೇಳ್ದಿದ್ರೆ ಆಯ್ತಲ್ಲ."

"ಸುಳ್ಳೇಳಿ ಸಿಗಾಕ್ಸಿದ್ರೂ ತಡ್ಕತಿದ್ದೆ ಕಣ್ಲಾ. ನಂಬಿ ಹೇಳಿದ್ನೇ ತಕಂಡ್ಯಲ್ಲ."

ಇನ್ನೊಂದು ಮಾತಾಡಿದರೆ ಇವನ ಮುಂದೆಯೇ ಅಳು ಬಂದೀತೆಂದು ಹೋಗಿ ಕೌಂಟರಿನಲ್ಲಿ ಕೂತಳು.

ಸಾಲಿನ ಮುಂದಿದ್ದ ಅಜ್ಜಿ ಕಟ್ಟಾಯದ ಕಡೆಯವಳು, ಒಬ್ಬಳೇ ಬಂದಿದ್ದಳು. ಚೀಟಿ ಇಸಿದುಕೊಂಡು, "ಇದ್ನ ತಕಂಡು ಎಲ್ಲಿಗೋಗ್ಬೇಕವ್ವ?" ಎಂದಳು.

ಪ್ರೇಮಕುಮಾರಿಯ ಕೈ ತಾನಾಗಿ ಲಾಕ್ ಒತ್ತಲು ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡಳು. "ನೆಟ್ಟಗೋಗಿ, ಎಡುಕ್ ತಿರುಕ್ಕಳಿ" ಎಂದು ಕೂತಲ್ಲಿಂದಲೇ ಬೆರಳು ತೋರಿಸಿದಳು. ಅಜ್ಜಿ ಹೂಂ ಎಂದು ನೆಟ್ಟಗೆ ಹೋಗಿ ಬಲಕ್ಕೆ ತಿರುಗಿದಳು.

"ಅಜ್ಜೀ!" ಎಂದು ಕೂಗಿದರೂ ಗದ್ದಲದಲ್ಲಿ ಕೇಳಿಸಲಿಲ್ಲ. ಮುಂದಿನವರು ಹೆಸರು ಹೇಳುತ್ತಿದ್ದರು, ಅವಳು ಅದನ್ನು ಕೀಬೋರ್ಡಿನಲ್ಲಿ ಒತ್ತುತ್ತಿದ್ದಳು. ಮತ್ತೆ ಕತ್ತು ಚಾಚಿ ನೋಡಿದಾಗ ಅಜ್ಜಿ ಸಾಮಾನಿನ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತು, ಒಳಗಿನವರು ಯಾರಾದರೂ ತೆಗೆದಾರೆಂದು ಚೀಟಿಯನ್ನು ಮುಂದಕ್ಕೆ ಚಾಚಿಕೊಂಡೇ ಇದ್ದಳು.