ಬೋಟಿನ ರೇನ್‌ಕೋಟು

ಆರು ಜನ ಗುಡಿಸಿ ಒರೆಸಬೇಕಾದ ಕೊರೊನಾ ವಾರ್ಡಿಗೆ ಉಳಿದವರು ನಾನು, ಮಂಜಿ, ಸುಚಿತಾ, ಮೂವರೇ. ಇಬ್ಬರು ಹೆದರಿ ಕೆಲಸ ಬಿಟ್ಟಿದ್ದರು. ನಮ್ಮ ಜೊತೆ ಒರೆಸುತ್ತಿದ್ದ ಬಂಗಾರಿ ಈಗ ಅದೇ ವಾರ್ಡಿನಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದಳು. ನಮಗೆ ಸಿಕ್ಕಿದ್ದು ತಲೆಗೊಂದು ಬಟ್ಟೆ ಮಾಸ್ಕು. ಪಿಪಿಇ ಕಿಟ್ಟುಗಳು ಮಾತ್ರ ಮ್ಯಾನೇಜರ್ ಮಧುಸೂದನ ಸಾರ್ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಸುಖವಾಗಿದ್ದವು. ಹೊನ್ನಾವರದಲ್ಲೆಲ್ಲ ಸೋಂಕಿನ ಭಯ ಇಲ್ಲದವು ಅವೇ ಇರಬೇಕು.

"ನಮಗೂ ಒಂದೊಂದು ಕೊಡಿ ಸಾರ್," ಎಂದಳು ಮಂಜಿ.

"ಅದು ಡಾಕ್ಟರಿಗೆ, ನರ್ಸಿಗೆ. ಗುಡ್ಸೂಕೆ ಎಂತಕ್ಕೆ ಕಿಟ್ಟು?"

ಮಂಜಿ ಕಪಾಟಿನ ಬೀಗವನ್ನೊಮ್ಮೆ ನೋಡಿ ಹೊರಟಳು. ಅವಳು ಹಾಗೆ ನೋಡಿದರೆ ನನಗೆ ಭಯ.

ಮರುದಿನ ಅವಳು ಗಂಡ ಸುಬ್ಬ ಮೀನಿನ ಬೋಟಿನಲ್ಲಿ ಹಾಕುವ ಹಳದಿ ರೇನ್‌ಕೋಟು, ಗಂಬೂಟು ತೊಟ್ಟು ಬಂದಳು. ಲಾಕ್‌ಡೌನಿನಲ್ಲಿ ಬೋಟುಗಳೆಲ್ಲ ದಡದಲ್ಲಿದ್ದವು. ನನಗೂ ಸುಚಿತಾಗೂ ಒಂದೊಂದು ತಂದಿದ್ದಳು. ನನ್ನದು ನೆಲ ಗುಡಿಸುವಷ್ಟು ಉದ್ದ.

ವಾರ್ಡಿಗೆ ಹೊಕ್ಕೆವು. ಹಾಸಿಗೆ ಹಿಡಿದಿದ್ದ ಧಾರೇಶ್ವರದ ಅಜ್ಜ ದಡಕ್ಕನೆ ಎದ್ದು ಕೂತ.

"ಹತ್ತು ದಿನ ಆಗಿತ್ತು ಮೂಗು ಸತ್ತು. ಇವತ್ತು ಬಂಗ್ಡೆ ವಾಸ್ನೆ ಬಂತು ನೋಡೆ."

ವಾರ್ಡಿಗೆ ವಾರ್ಡೇ ಕೆಮ್ಮುತ್ತ ನಕ್ಕಿತು. ಬಂಗಾರಿಯೂ ನಕ್ಕಳು. ಅವಳು ನಕ್ಕಿದ್ದು ನೋಡಿ ನನ್ನ ಕಣ್ಣು ತುಂಬಿತು.

ಸದ್ದು ಕೇಳಿ ಸಾರ್ ಬಾಗಿಲಿಗೆ ಬಂದರು. "ಏ ಮಂಜೀ, ಇದೆಂತ ಆಸ್ಪತ್ರೆಯೋ, ಮೀನಿನ ಬಂದರೋ? ತೆಗಿ ಅದನ್ನ."

"ತೆಗಿತೆ ಸಾರ್. ನಮ್ಮಲ್ಲಿ ರಂಪಣಿ ಬಲೆ ಎಳಿವಾಗ ಹಗ್ಗ ಹಿಡ್ದವ್ರಿಗೆಲ್ಲ ಮೀನಿನ ಪಾಲು ಅದೆ. ಡಾಕ್ಟರು ಹಿಡ್ದ ಹಗ್ಗನೇ ನಾವೂ ಹಿಡ್ದದ್ದು. ನಮ್ಮ ಪಾಲು ನಿಮ್ಮ ಕಪಾಟಲ್ಲಿ ಅದೆ."

"ಪಾಲು ಕೊಡಾ ಮಾರಾಯ," ಎಂದ ಅಜ್ಜ ಕೂತಲ್ಲಿಂದಲೇ.

ನರ್ಸ್ ದಿವ್ಯಶ್ರೀ ಇಂಜೆಕ್ಷನ್ನಿನ ಟ್ರೇ ಕೆಳಗಿಟ್ಟು ನಮ್ಮ ಪಕ್ಕ ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬ ನರ್ಸು. ಸಾರ್ ಎಲ್ಲರ ಮುಖ ನೋಡಿದರು, ಕಿಸೆಯಿಂದ ಕೀಲಿ ತೆಗೆದರು.

ನಾವು ಮೂವರೂ ಕಿಟ್ಟು ತೊಟ್ಟೆವು. ರೇನ್‌ಕೋಟುಗಳನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ ತೆಗೆದು, ಮಂಜಿ ಸಾಲಾಗಿ ಸಾರ್ ಕಿಟಕಿಗೆ ನೇತುಹಾಕಿದಳು.

"ಕಿಟ್ಟು ಕೊಟ್ಟಾಯ್ತಲ್ಲ, ಇನ್ನೆಂತ ಇದು?"

"ಕೆಲಸ ಆರು ಜನರದ್ದು ಸಾರ್. ಬಾಕಿ ಮೂರು ಜನ ಬರೂವರೆಗೆ ಅವರ ಬದಲಿಗೆ ಇವು ಇಲ್ಲೇ ಇರ್ತವೆ."

ಪಡುವಣ ಗಾಳಿ ಬೀಸಿ, ಬ್ಲೀಚಿಂಗಿಗೂ ಜಗ್ಗದ ಬಂಗ್ಡೆ ವಾಸನೆ ಕಿಟಕಿಯೊಳಗೆ ಹೊಕ್ಕಿತು. ಸಾರ್ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಹಾಕಿಕೊಂಡು, ಆಳು ಹುಡುಕಲು ಫೋನು ಹಚ್ಚಿದರು.